ಎಂವಿಸಿ ಹುಟ್ಟಿದ್ದು ಹಡಗುಕಟ್ಟೆಯಲ್ಲಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬ್‌ನಲ್ಲೋ ಲೋಕಲ್ ಟ್ರೇನ್‌ನಲ್ಲೋ ನಿಂತುಕೊಂಡೇ ಓದುವವರಿಗಾಗಿ, ಈ ವಾರದ ಮಾತಿನ ಬರಹರೂಪ ಇಲ್ಲಿದೆ.

"ಎಂವಿಸಿ ಅಂದ್ರೇನು?" ಹಿಂಜೇವಾಡಿ ಇರಲಿ, ಗಚ್ಚಿಬೌಲಿ ಇರಲಿ, ಚೆನ್ನೈನ ಓಎಂಆರ್ ಇರಲಿ, ಇಂಟರ್‌ವ್ಯೂ ಕೊಟ್ಟ ನಮ್ಮಲ್ಲಿ ಬಹಳ ಜನಕ್ಕೆ ಈ ಪ್ರಶ್ನೆ ಬಂದಿರುತ್ತೆ. ಉತ್ತರ ಬಾಯಿಪಾಠ. ಮಾಡೆಲ್ ಅಂದ್ರೆ ಡೇಟಾ, ವ್ಯೂ ಅಂದ್ರೆ ಸ್ಕ್ರೀನು, ಕಂಟ್ರೋಲರ್ ಅಂದ್ರೆ ನಡುವಿನ ದಲ್ಲಾಳಿ. ಮೂರು ಡಬ್ಬಿ, ನಾಲ್ಕು ಬಾಣ. ಬೋರ್ಡ್ ಮೇಲೆ ಬರೆದರೆ ಆಯ್ತು, ಮುಂದಿನ ಪ್ರಶ್ನೆ.

ಯಾಕೆ ಬೇರೆ ಬೇರೆ ಇಡಬೇಕು ಅಂತ ಕೇಳಿದ್ರೆ, "ಕೋಡ್ ಕ್ಲೀನ್ ಆಗಿರುತ್ತೆ, ಟೆಸ್ಟ್ ಮಾಡೋದು ಸುಲಭ" ಅಂತೀವಿ. ಈ ಉತ್ತರ ತಪ್ಪಲ್ಲ. ಆದರೆ ಇದು ಅರ್ಧ ಉತ್ತರ. ಎಂವಿಸಿಯನ್ನ ಕಂಡುಹಿಡಿದ ಮನುಷ್ಯನ ತಲೆಯಲ್ಲಿದ್ದದ್ದು ಪ್ರೋಗ್ರಾಮರ್‌ನ ಕಷ್ಟ ಅಲ್ಲ, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವನ ಕಷ್ಟ. ಆ ಇನ್ನರ್ಧ ಎಲ್ಲಿ ಕಳೆದುಹೋಯ್ತು ಅನ್ನೋದೇ ಇವತ್ತಿನ ವಿಷಯ.

ಒಂದು ಬರ್ತ್, ಹಲವು ನೋಟ

ಮೊದಲು ವಿಷಯ ತಿಳಿಯಾಗಲಿ. ಮುಂಬೈಯಿಂದಲೋ ಪುಣೆಯಿಂದಲೋ ಊರಿಗೆ ಹೋಗೋಕೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಟಿಕೆಟ್ ಮಾಡಿದ್ದೀರಿ ಅಂತಿಟ್ಕೊಳ್ಳಿ. ಸ್ಲೀಪರ್ ಬೋಗಿ, 32ನೇ ಬರ್ತ್, ಸೈಡ್ ಅಪ್ಪರ್. ಆ ಬರ್ತ್ ನಿಮ್ಮ ಮೊಬೈಲ್‌ನಲ್ಲಿ ಒಂದು ಪಿಎನ್‌ಆರ್ ಸ್ಟೇಟಸ್ ಆಗಿ ಕಾಣುತ್ತೆ. ಟಿಟಿಇ ಕೈಯಲ್ಲಿರೋ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣುತ್ತೆ. ವೇಟಿಂಗ್ ಲಿಸ್ಟ್‌ನಲ್ಲಿರೋ ಇನ್ನೊಬ್ಬರಿಗೆ ತಮ್ಮ ಸರದಿಯ ನಂಬರಾಗಿ ಕಾಣುತ್ತೆ. ನೋಟ ಮೂರು, ಬರ್ತ್ ಒಂದೇ. ನೀವು ಟಿಕೆಟ್ ರದ್ದು ಮಾಡಿದ ಕ್ಷಣ ಮೂರೂ ಕಡೆ ಬದಲಾಗಬೇಕು. ಒಂದು ಕಡೆ ಬದಲಾಗಿ ಇನ್ನೊಂದು ಕಡೆ ಹಾಗೇ ಉಳಿದರೆ ಬೋಗಿಯಲ್ಲಿ ಜಗಳ ಗ್ಯಾರಂಟಿ.

ಇಲ್ಲಿ ಬರ್ತ್ ಮತ್ತು ಅದರ ನಿಯಮಗಳು ಮಾಡೆಲ್, ಪ್ರತಿಯೊಂದು ನೋಟ ಒಂದು ವ್ಯೂ. ಬರ್ತ್‌ಗೆ ತನ್ನನ್ನ ಯಾರು, ಯಾವ ಸ್ಕ್ರೀನ್‌ನಲ್ಲಿ ನೋಡ್ತಿದ್ದಾರೆ ಅಂತ ಗೊತ್ತಿರಬೇಕಿಲ್ಲ. ನಾಳೆ ಹೊಸ ಆ್ಯಪ್ ಬಂದರೂ ಬರ್ತ್ ಬರ್ತೇ. ಇಷ್ಟು ಅರ್ಥವಾದ್ರೆ ಸಾಕು, ಈಗ ನಾರ್ವೆಗೆ ಹೋಗೋಣ.

ಹಡಗುಕಟ್ಟೆಯಲ್ಲಿ ಶುರುವಾದದ್ದು

ಟ್ರಿಗ್ವೆ ರೇನ್ಸ್‌ಕೌಗ್ ಹುಟ್ಟಿದ್ದು 1930ರಲ್ಲಿ. ಕೆಲಸ ಓಸ್ಲೋ ನಗರದ ಕೈಗಾರಿಕಾ ಸಂಶೋಧನೆಯ ಕೇಂದ್ರ ಸಂಸ್ಥೆಯಲ್ಲಿ. 1960ರ ದಶಕದ ಆರಂಭದಲ್ಲಿ ಅವರು 'ಆಟೋಕಾನ್' ಅನ್ನೋ ತಂತ್ರಾಂಶದ ಮುಖ್ಯ ಶಿಲ್ಪಿ. ಹಡಗಿನ ಮೈಯನ್ನ ಕಂಪ್ಯೂಟರ್‌ನಲ್ಲಿ ವಿವರಿಸಿ, ಉಕ್ಕಿನ ತಗಡುಗಳನ್ನ ಕತ್ತರಿಸುವ ಯಂತ್ರಕ್ಕೆ ಸೂಚನೆ ಕೊಡೋದು ಅದರ ಕೆಲಸ. ನಾವೀಗ ಕ್ಯಾಡ್–ಕ್ಯಾಮ್ ಅಂತೀವಲ್ಲ, ಅದರ ಮೊದಲ ಪೀಳಿಗೆ. ಜಗತ್ತಿನ ಹಲವು ಹಡಗುಕಟ್ಟೆಗಳು ಅದನ್ನ ಬಳಸಿದವು. ಗಮನಿಸಿ, ಅಲ್ಲೂ ಹಡಗಿನ ಆಕಾರ ಒಂದು ಡೇಟಾಬೇಸ್‌ನಲ್ಲಿ ಕೂತಿರ್ತಿತ್ತು.

ಆಮೇಲೆ ರೇನ್ಸ್‌ಕೌಗ್ ಕೈಹಾಕಿದ್ದು ಇನ್ನೂ ಕಷ್ಟದ ಕೆಲಸಕ್ಕೆ, ಹಡಗು ಕಟ್ಟೋ ಯೋಜನೆಗೆ. ಉಕ್ಕಿಗೆ ಆಕಾರ ಕೊಡೋದು ಗಣಿತ, ಆದರೆ ಯಾರು ಯಾವಾಗ ಏನು ಮಾಡಬೇಕು ಅನ್ನೋದು ಮನುಷ್ಯರ ವ್ಯವಹಾರ. ವೆಲ್ಡಿಂಗ್ ವಿಭಾಗದವನಿಗೆ ತನ್ನ ಈ ವಾರದ ಕೆಲಸ ಕಾಣಬೇಕು. ಕ್ರೇನ್ ನೋಡಿಕೊಳ್ಳುವವನಿಗೆ ಯಾವ ದಿನ ಯಾರು ಕ್ರೇನ್ ಕೇಳ್ತಾರೆ ಅಂತ ಗೊತ್ತಾಗಬೇಕು. ಮೇಲಿನವರಿಗೆ ಇಡೀ ಹಡಗು ಯಾವಾಗ ನೀರಿಗಿಳಿಯುತ್ತೆ ಅಂತ ಬೇಕು. ಆ ಕಾಲದ ರೂಢಿ ಪ್ರಕಾರ ಒಂದು ದೊಡ್ಡ ಕಂಪ್ಯೂಟರ್ ಇಡೀ ಲೆಕ್ಕ ಹಾಕಿ ಕಟ್ಟುಗಟ್ಟಲೆ ಕಾಗದ ಉಗುಳಿದರೆ, ಕೆಳಗಿನವರು ಅದನ್ನ ಪಾಲಿಸಬೇಕು. 1973ರಲ್ಲಿ ಟೋಕಿಯೋದಲ್ಲಿ ನಡೆದ ಹಡಗು ನಿರ್ಮಾಣದ ಕಂಪ್ಯೂಟರ್ ಸಮ್ಮೇಳನದಲ್ಲಿ ರೇನ್ಸ್‌ಕೌಗ್ ಇದಕ್ಕೆ ಬೇರೆ ದಾರಿ ಮಂಡಿಸಿದರು. ಒಂದೊಂದು ವಿಭಾಗವನ್ನೂ ತನ್ನ ಮಾಹಿತಿಗೆ ತಾನೇ ಹೊಣೆಯಾದ ಒಂದು ಘಟಕ ಅಂತ ನೋಡೋದು, ಘಟಕಗಳು ಒಂದಕ್ಕೊಂದು ಸಂದೇಶ ಕಳಿಸಿ ಕೆಲಸ ಹೊಂದಿಸಿಕೊಳ್ಳೋದು. ಇವತ್ತಿನ ಮಾತಲ್ಲಿ ಹೇಳೋದಾದ್ರೆ, ಆಬ್ಜೆಕ್ಟ್‌ಗಳು.

ಇದು ನಾರ್ವೆಯಲ್ಲೇ ಬೆಳೆದ ಯೋಚನೆ ಅನ್ನೋದು ಕಾಕತಾಳೀಯ ಅಲ್ಲ. ಆಬ್ಜೆಕ್ಟ್, ಕ್ಲಾಸ್ ಅನ್ನೋ ಕಲ್ಪನೆಗಳನ್ನ ಕೊಟ್ಟ ಸಿಮ್ಯುಲಾ 67 ಭಾಷೆ ಹುಟ್ಟಿದ್ದು ಅದೇ ಓಸ್ಲೋದಲ್ಲಿ, ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಕೈಯಲ್ಲಿ. ಅದೇ ನೈಗಾರ್ಡ್ 1970ರ ದಶಕದಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಸೇರಿ, ಕಾರ್ಖಾನೆಗೆ ಬರೋ ಕಂಪ್ಯೂಟರ್ ಮೇಲೆ ಕೆಲಸಗಾರರಿಗೂ ಹಿಡಿತ ಇರಬೇಕು ಅಂತ ದುಡಿದವರು. ಸಿಸ್ಟಮ್ ಯಾರದು ಅನ್ನೋ ಪ್ರಶ್ನೆ ಆಗ ಆ ಊರಿನ ಗಾಳಿಯಲ್ಲೇ ಇತ್ತು.

ಕ್ಯಾಲಿಫೋರ್ನಿಯಾದ ಒಂದು ವರ್ಷ

1978ರಲ್ಲಿ ರೇನ್ಸ್‌ಕೌಗ್ ಒಂದು ವರ್ಷದ ಮಟ್ಟಿಗೆ ಅತಿಥಿ ವಿಜ್ಞಾನಿಯಾಗಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್‌ಗೆ ಬಂದರು. ಅಲ್ಲಿ ಅಲನ್ ಕೇ ಕಟ್ಟಿದ ಗುಂಪಿನಲ್ಲಿ ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮುಂತಾದವರು ಸ್ಮಾಲ್‌ಟಾಕ್ ಭಾಷೆಯನ್ನ ಬೆಳೆಸ್ತಾ ಇದ್ದರು. ಮೌಸ್, ಒಂದರ ಮೇಲೊಂದು ಕೂರೋ ಕಿಟಕಿಗಳು, ಮೆನು, ಎಲ್ಲವೂ ಅಲ್ಲಿ ಆಗಲೇ ದಿನಬಳಕೆ. ಹಡಗುಕಟ್ಟೆಯ ಸಮಸ್ಯೆಯನ್ನ ತಲೆಯಲ್ಲಿ ಹೊತ್ತು ಬಂದವರಿಗೆ ಅದಕ್ಕೆ ತಕ್ಕ ಸಲಕರಣೆ ಸಿಕ್ಕಿತು.

1979ರ ಮೇ 12ರ ತಾರೀಖಿನ ಅವರ ಟಿಪ್ಪಣಿ ಒಂದಿದೆ. ಅದರಲ್ಲಿ ಇರೋದು ಮೂರಲ್ಲ, ನಾಲ್ಕು ಪದ: ಥಿಂಗ್, ಮಾಡೆಲ್, ವ್ಯೂ, ಎಡಿಟರ್. ಉದಾಹರಣೆಯಾಗಿ ಅವರು ತಗೊಂಡಿದ್ದು ಮತ್ತೆ ಯೋಜನೆಯನ್ನೇ, ಸೇತುವೆಯೋ ವಿದ್ಯುತ್ ಸ್ಥಾವರವೋ ಕಟ್ಟುವಂಥ ದೊಡ್ಡ ಕೆಲಸ. ಅದೇ ಕೆಲಸಗಳ ಪಟ್ಟಿ ಒಂದು ಕಡೆ, ಯಾವುದಾದ ಮೇಲೆ ಯಾವುದು ಅಂತ ತೋರಿಸೋ ಜಾಲದ ಚಿತ್ರ ಇನ್ನೊಂದು ಕಡೆ, ದಿನಗಳ ಮೇಲೆ ಪಟ್ಟಿ ಎಳೆದ ಗ್ಯಾಂಟ್ ಚಾರ್ಟ್ ಮತ್ತೊಂದು ಕಡೆ. ಪಟ್ಟಿಯಲ್ಲಿ ಒಂದು ಕೆಲಸವನ್ನ ಆರಿಸಿದರೆ ಉಳಿದ ಚಿತ್ರಗಳಲ್ಲೂ ಅದೇ ಎದ್ದು ಕಾಣಬೇಕು. ಜಿರಾದಲ್ಲಿ ನಾವು ದಿನಾ ನೋಡ್ತೀವಲ್ಲ, ಲಿಸ್ಟ್, ಬೋರ್ಡ್, ಟೈಮ್‌ಲೈನ್ ಅಂತ, ಹೆಚ್ಚುಕಮ್ಮಿ ಅದೇ. 1979ರಲ್ಲಿ.

ನಾಲ್ಕನೆಯ ಪದ 'ಥಿಂಗ್' ಇದೆಯಲ್ಲ, ಅದರ ಮೇಲೆ ಸ್ವಲ್ಪ ನಿಲ್ಲೋಣ. ಥಿಂಗ್ ಅಂದ್ರೆ ಬಳಕೆದಾರನಿಗೆ ಆಸಕ್ತಿ ಇರುವ ವಸ್ತು. ಅದು ಮನೆ ಆಗಿರಬಹುದು, ಒಂದು ಹೊಸ ಯೋಚನೆಯೂ ಆಗಿರಬಹುದು. ಅದು ಕಂಪ್ಯೂಟರ್‌ನ ಹೊರಗೆ, ಜಗತ್ತಿನಲ್ಲಿ ಮತ್ತು ಮನುಷ್ಯನ ಮನಸ್ಸಿನಲ್ಲಿ ಇರೋದು. ಮಾಡೆಲ್ ಅಂದ್ರೆ ಆ ವಸ್ತುವಿನ ಬಗ್ಗೆ ಇರೋ ತಿಳಿವಳಿಕೆಯನ್ನ ಕಂಪ್ಯೂಟರ್ ಒಳಗೆ ಹಿಡಿದಿಟ್ಟದ್ದು.

1979ರ ಡಿಸೆಂಬರ್ 10ರ ಎರಡನೆಯ ಟಿಪ್ಪಣಿಯ ಹೆಸರು 'ಮಾಡೆಲ್ಸ್–ವ್ಯೂಸ್–ಕಂಟ್ರೋಲರ್ಸ್'. ಒಳ್ಳೆಯ ಹೆಸರು ಹುಡುಕೋದೇ ಎಲ್ಲಕ್ಕಿಂತ ಕಷ್ಟವಾಗಿತ್ತು, ಅಡೆಲ್ ಗೋಲ್ಡ್‌ಬರ್ಗ್ ಜೊತೆ ತುಂಬ ಚರ್ಚೆ ಆಯ್ತು ಅಂತ ರೇನ್ಸ್‌ಕೌಗ್ ನೆನಪು ಮಾಡಿಕೊಂಡಿದ್ದಾರೆ. ಎಡಿಟರ್ ಅನ್ನೋದು ಕಂಟ್ರೋಲರ್‌ನ ಒಂದು ವಿಶೇಷ ರೂಪವಾಗಿ ಉಳೀತು. ಥಿಂಗ್ ಶೀರ್ಷಿಕೆಯಿಂದ ಬಿದ್ದುಹೋಯ್ತು.

ಹೆಸರಿನಿಂದ ಬಿದ್ದರೂ ಅರ್ಥದಿಂದ ಬಿದ್ದಿರಲಿಲ್ಲ. ಮಾಡೆಲ್‌ನ ಭಾಗಗಳು ಒಂದು ಕಡೆ, ಅದರ ಒಡೆಯ ಜಗತ್ತನ್ನ ಕಾಣೋ ರೀತಿ ಇನ್ನೊಂದು ಕಡೆ. ಇವೆರಡೂ ಒಂದಕ್ಕೊಂದು ತಾಳೆಯಾಗಬೇಕು ಅಂತ ಆ ಟಿಪ್ಪಣಿ ಹೇಳುತ್ತೆ. 'ಒಡೆಯ' ಅನ್ನೋ ಪದ ನೋಡಿ. ಮಾಡೆಲ್‌ಗೆ ಒಬ್ಬ ಒಡೆಯ ಇದ್ದಾನೆ, ಅವನು ಕಾಣೋ ಜಗತ್ತೇ ಅಳತೆಗೋಲು. ಬಳಕೆದಾರನ ಮನಸ್ಸಿನ ಚಿತ್ರಕ್ಕೂ ಯಂತ್ರದೊಳಗಿನ ಚಿತ್ರಕ್ಕೂ ನಡುವಿನ ಕಂದಕಕ್ಕೆ ಸೇತುವೆ ಕಟ್ಟೋದೇ ಎಂವಿಸಿಯ ಮೂಲ ಉದ್ದೇಶ ಅಂತ ರೇನ್ಸ್‌ಕೌಗ್ ಮುಂದೆಯೂ ಬರೆದರು. ಕೋಡ್ ಕ್ಲೀನ್ ಆಗೋದು ಆ ಸೇತುವೆ ಕಟ್ಟುವಾಗ ಸಿಕ್ಕ ಲಾಭ.

ಇನ್ನೊಂದು ಸ್ವಾರಸ್ಯ. ಅದೇ 1979ರ ಡಿಸೆಂಬರ್‌ನಲ್ಲಿ ಸ್ಟೀವ್ ಜಾಬ್ಸ್ ಪಾರ್ಕ್‌ಗೆ ಭೇಟಿ ಕೊಟ್ಟರು. ಅಲ್ಲಿ ತೋರಿಸಿದ್ದರಲ್ಲಿ ಸ್ಕ್ರೀನ್ ಒಂದೇ ತನ್ನ ಕಣ್ಣು ಕುಕ್ಕಿತು, ಆಬ್ಜೆಕ್ಟ್‌ಗಳ ವಿಚಾರ ಆಗ ಕಣ್ಣಿಗೇ ಬೀಳಲಿಲ್ಲ ಅಂತ ಅವರೇ ಆಮೇಲೆ ಹೇಳಿದ್ದಾರೆ. ಜಗತ್ತು ಪಾರ್ಕ್‌ನಿಂದ ಕಲಿತದ್ದೂ ಅದೇ ಕ್ರಮದಲ್ಲಿ: ಮೊದಲು ಸ್ಕ್ರೀನು, ಹಿಂದಿರೋ ಮಾಡೆಲ್ಲು ತುಂಬ ತಡವಾಗಿ.

ಬಾಣ ಒಂದೇ ದಿಕ್ಕಿಗೆ

ರೇನ್ಸ್‌ಕೌಗ್ ನಾರ್ವೆಗೆ ಮರಳಿದ ಮೇಲೆ ಜಿಮ್ ಆಲ್ಥಾಫ್ ಮತ್ತಿತರರು ಈ ವಿಚಾರವನ್ನ ಸ್ಮಾಲ್‌ಟಾಕ್-80ರ ಲೈಬ್ರರಿಯಲ್ಲಿ ಅಳವಡಿಸಿದರು. ಅದರ ಒಳಗುಟ್ಟು ಬಹಳ ಸರಳ. ಪ್ರತಿ ಆಬ್ಜೆಕ್ಟ್ ತನ್ನನ್ನ ಅವಲಂಬಿಸಿದವರ ಒಂದು ಪಟ್ಟಿ ಇಟ್ಟುಕೊಳ್ಳಬಹುದು. ತಾನು ಬದಲಾದಾಗ ಅದು 'ಚೇಂಜ್ಡ್' ಅಂತ ತನಗೆ ತಾನೇ ಹೇಳಿಕೊಳ್ಳುತ್ತೆ, ಪಟ್ಟಿಯಲ್ಲಿದ್ದ ಎಲ್ಲರಿಗೂ 'ಅಪ್‌ಡೇಟ್' ಅಂತ ಸಂದೇಶ ಹೋಗುತ್ತೆ. ಪಟ್ಟಿಯಲ್ಲಿ ಇರೋದು ಗ್ಯಾಂಟ್ ಚಾರ್ಟೋ ಇನ್ನೇನೋ, ಮಾಡೆಲ್‌ಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ವ್ಯೂಗೆ ಮಾಡೆಲ್ ಗೊತ್ತು, ಮಾಡೆಲ್‌ಗೆ ವ್ಯೂ ಗೊತ್ತಿಲ್ಲ. ಅರಿವಿನ ಬಾಣ ಒಂದೇ ದಿಕ್ಕಿಗೆ. 1988ರಲ್ಲಿ ಗ್ಲೆನ್ ಕ್ರಾಸ್ನರ್ ಮತ್ತು ಸ್ಟೀಫನ್ ಪೋಪ್ ಬರೆದ ಲೇಖನದಿಂದ ಇದು ಹೊರಜಗತ್ತಿಗೆ ಹರಡಿತು. 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ತನ್ನ ಮೊದಲ ಅಧ್ಯಾಯದಲ್ಲೇ ಎಂವಿಸಿಯನ್ನ ಉದಾಹರಣೆಯಾಗಿ ಬಿಡಿಸಿಟ್ಟಿತು. ನಾವು ಅಬ್ಸರ್ವರ್ ಪ್ಯಾಟರ್ನ್ ಅಂತ ಕಲಿತದ್ದು ಈ ಪಟ್ಟಿಯನ್ನೇ.

ಆದರೆ ಕಂಟ್ರೋಲರ್ ವಿಷಯದಲ್ಲಿ ಆಗಲೇ ದಾರಿ ಕವಲಾಗಿತ್ತು. ರೇನ್ಸ್‌ಕೌಗ್ ಮನಸ್ಸಿನಲ್ಲಿದ್ದ ಕಂಟ್ರೋಲರ್ ಒಂದು ಮೇಳದ ಭಾಗವತರ ಹಾಗೆ, ಹಲವು ವ್ಯೂಗಳನ್ನ ರಂಗಕ್ಕೆ ತಂದು ಅವು ಹೊಂದಿಕೊಂಡು ನಡೆಯೋ ಹಾಗೆ ನೋಡಿಕೊಳ್ಳೋದು. ಸ್ಮಾಲ್‌ಟಾಕ್-80ರಲ್ಲಿ ಪ್ರತಿ ವ್ಯೂಗೂ ಒಂದು ಜೋಡಿ ಕಂಟ್ರೋಲರ್ ಬಂತು. ಮೌಸ್ ನಮ್ಮ ಕಿಟಕಿಯೊಳಗಿದೆಯಾ, ಯಾವ ಬಟನ್ ಒತ್ತಿದರು ಅಂತ ಸದಾ ಕೇಳ್ತಾ ಇರೋದು ಅದರ ಕೆಲಸ. ಈ ವ್ಯತ್ಯಾಸವನ್ನ ರೇನ್ಸ್‌ಕೌಗ್ ಮುಂದೆ ತಮ್ಮ ಬರಹದಲ್ಲಿ ಗುರುತಿಸಿದ್ದಾರೆ.

ಹೆಸರು ಅದೇ, ಅರ್ಥ ಬೇರೆ

ಆಮೇಲಿನ ಕಥೆಯಲ್ಲಿ ನಮ್ಮಲ್ಲಿ ಹಲವರ ವೃತ್ತಿಜೀವನವೇ ಇದೆ. ಮ್ಯಾಕ್, ವಿಂಡೋಸ್ ಬಂದ ಮೇಲೆ ಬಟನ್, ಟೆಕ್ಸ್ಟ್ ಬಾಕ್ಸ್‌ಗಳು ಸಿದ್ಧವಾಗಿ ಸಿಗತೊಡಗಿದವು. ತಾವೇ ಕಾಣಿಸಿಕೊಳ್ತವೆ, ತಾವೇ ಮೌಸ್ ಕ್ಲಿಕ್ ಹಿಡೀತವೆ. ಹಳೆಯ ಕಂಟ್ರೋಲರ್‌ಗೆ ಕೆಲಸವೇ ಇಲ್ಲ. 1991ರಲ್ಲಿ ವಿಷುಯಲ್ ಬೇಸಿಕ್ ಬಂದಾಗ ಇನ್ನೂ ಸುಲಭವಾಯ್ತು: ಬಟನ್ ಎಳೆದು ಹಾಕು, ಅದರ ಮೇಲೆ ಡಬಲ್ ಕ್ಲಿಕ್ ಮಾಡು, ಅಲ್ಲೇ ಕೋಡ್ ಬರಿ. ಬಡ್ಡಿ ಲೆಕ್ಕ ಹಾಕೋ ನಿಯಮ 'ಸೇವ್' ಬಟನ್‌ನ ಹೊಟ್ಟೆಯೊಳಗೆ ಹೋಗಿ ಕೂತಿತು. ಹಳೇ ಸಿಸ್ಟಮ್‌ಗಳ ಮೈಗ್ರೇಶನ್ ಪ್ರಾಜೆಕ್ಟ್ ಮಾಡಿದವರಿಗೆ ನಾನು ಹೇಳೋದೇ ಬೇಡ. ನಿಯಮ ಏನು ಅಂತ ಬರೆದಿಟ್ಟ ಕಾಗದ ಎಲ್ಲೂ ಇರಲ್ಲ, ಇರೋದು ಬಟನ್ ಕ್ಲಿಕ್ ಒಳಗಿನ 800 ಸಾಲು ಮಾತ್ರ.

ಇದಕ್ಕೆ ಮದ್ದಾಗಿ ಹೊಸ ಹೆಸರುಗಳು ಬಂದವು. 1996ರಲ್ಲಿ ಟ್ಯಾಲಿಜೆಂಟ್‌ನ ಮೈಕ್ ಪೊಟೆಲ್ ವಿವರಿಸಿದ ಎಂವಿಪಿ, 2004ರಲ್ಲಿ ಮಾರ್ಟಿನ್ ಫೌಲರ್ ಹೇಳಿದ ಪ್ರೆಸೆಂಟೇಶನ್ ಮಾಡೆಲ್, 2005ರಲ್ಲಿ ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್ ಹೆಸರಿಟ್ಟ ಎಂವಿವಿಎಂ. ಕೊನೆಯ ಅಕ್ಷರಗಳು ಬದಲಾದವು. ಮೊದಲಿನ 'ಎಂ' ಮತ್ತು 'ವಿ' ಕದಲಲಿಲ್ಲ, ಯಾಕಂದ್ರೆ ಅವುಗಳ ನಡುವಿನ ಗೆರೆ ಗಟ್ಟಿಯಾಗಿತ್ತು.

ವೆಬ್‌ನಲ್ಲಿ ಇನ್ನೊಂದು ತಿರುವು. ಬ್ರೌಸರ್ ಇಲ್ಲಿ, ಸರ್ವರ್ ಅಲ್ಲೆಲ್ಲೋ. ಪುಟ ಕಳಿಸಿದ ಮೇಲೆ ಸರ್ವರ್‌ಗೂ ಪುಟಕ್ಕೂ ಸಂಬಂಧ ಮುಗೀತು. ಮಾಡೆಲ್ ಬದಲಾದರೆ ವ್ಯೂಗೆ 'ಅಪ್‌ಡೇಟ್' ಅಂತ ಕೂಗಿ ಹೇಳೋ ದಾರಿಯೇ ಇಲ್ಲ. ಆದರೂ 2000ದಲ್ಲಿ ಶುರುವಾದ ಸ್ಟ್ರಟ್ಸ್, 2004ರ ರೇಲ್ಸ್, ಹಾಗೇ ಸ್ಪ್ರಿಂಗ್, ಎಎಸ್‌ಪಿ ಡಾಟ್ ನೆಟ್, ಎಲ್ಲವೂ ತಮ್ಮನ್ನ ಎಂವಿಸಿ ಅಂತಲೇ ಕರೆದುಕೊಂಡವು. ಅಲ್ಲಿ ಕಂಟ್ರೋಲರ್ ಅಂದ್ರೆ ಬಂದ ರಿಕ್ವೆಸ್ಟ್ ಹಿಡಿದು ಸರಿಯಾದ ಕಡೆ ಕಳಿಸೋನು. ಮಾಡೆಲ್ ಅಂದ್ರೆ, ಇದು ಮುಖ್ಯ, ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ಡೇಟಾಬೇಸ್ ಟೇಬಲ್‌ಗೆ ಹೊಂದಿಸಿದ ಒಂದು ಕ್ಲಾಸ್. 'ಮಾಡೆಲ್ಸ್' ಅನ್ನೋ ಫೋಲ್ಡರ್ ತೆರೆದರೆ ಟೇಬಲ್‌ಗಳ ಪಟ್ಟಿ.

ಒಂದು ಸಂಖ್ಯೆಯ ಜಗಳ

ಮೂಲ ಸಮಸ್ಯೆ ಹಾಗಂತ ಎಲ್ಲೂ ಹೋಗಿರಲಿಲ್ಲ. 2014ರಲ್ಲಿ ಫೇಸ್‌ಬುಕ್‌ನ ಇಂಜಿನಿಯರ್‌ಗಳು ಎಫ್8 ಸಮ್ಮೇಳನದಲ್ಲಿ ಒಂದು ಕಥೆ ಹೇಳಿದರು. ಮೇಲಿನ ಪಟ್ಟಿಯಲ್ಲಿ 'ಒಂದು ಹೊಸ ಮೆಸೇಜ್' ಅಂತ ತೋರಿಸ್ತಿತ್ತು, ಒತ್ತಿ ನೋಡಿದರೆ ಹೊಸದೇನೂ ಇಲ್ಲ. ಸರಿಮಾಡಿದರು, ಸ್ವಲ್ಪ ದಿನಕ್ಕೆ ಮತ್ತೆ ಬಂತು. ಮತ್ತೆ ಸರಿಮಾಡಿದರು, ಮತ್ತೆ ಬಂತು. ಕಾರಣ ಏನಂದ್ರೆ ಅದೇ ಮೆಸೇಜು ಮೂರು ಕಡೆ ಕಾಣ್ತಿತ್ತು: ಚಾಟ್ ಕಿಟಕಿ, ಮೆಸೇಜ್ ಪುಟ, ಮೇಲಿನ ಸಂಖ್ಯೆ. ಮೂರೂ ತಂತಮ್ಮ ಲೆಕ್ಕ ಇಟ್ಟುಕೊಂಡಿದ್ದವು. ನಮ್ಮ 32ನೇ ಬರ್ತಿನ ಜಗಳವೇ.

ಅವರು ಕೊಟ್ಟ ಪರಿಹಾರದ ಹೆಸರು ಫ್ಲಕ್ಸ್. ಡೇಟಾ ಒಂದೇ ದಿಕ್ಕಿಗೆ ಹರಿಯಬೇಕು, ಸತ್ಯ 'ಸ್ಟೋರ್'ನಲ್ಲಿ ಇರಬೇಕು, ವ್ಯೂಗಳು ಅದನ್ನ ಕೇಳಿ ಬದಲಾಗಬೇಕು. ಎಂವಿಸಿ ದೊಡ್ಡ ಕೆಲಸಕ್ಕೆ ಹಿಗ್ಗಲ್ಲ ಅಂತಲೂ ಅವತ್ತು ಹೇಳಿದರು. ಮುಂದಿನ ವರ್ಷ ರಿಡಕ್ಸ್ ಬಂತು, ನಮ್ಮಲ್ಲಿ ಅರ್ಧ ಜನ ಅದನ್ನ ಕಲಿಯೋಕೆ ವಾರಾಂತ್ಯ ಸುಟ್ಟೆವು. ಆದರೆ ಒಂದೇ ಸತ್ಯ, ಅದರತ್ತ ಕಿವಿಗೊಟ್ಟ ಹಲವು ನೋಟ, ಅರಿವಿನ ಬಾಣ ಒಂದೇ ದಿಕ್ಕಿಗೆ, ಇದನ್ನ ನಾವು ಈಗಷ್ಟೇ ಎಲ್ಲಿ ಕೇಳಿದ್ವಿ? ಫ್ಲಕ್ಸ್ ಬೇರೆಯಾದದ್ದು ಎಂವಿಸಿ ಅನ್ನೋ ಹೆಸರಿನ ಕೆಳಗೆ ಬೆಳೆದಿದ್ದ ಗೊಂದಲದಿಂದ. 1979ರ ಮೂಲ ಪ್ರಶ್ನೆಗೆ ಅದು ವಾಪಸ್ ಹತ್ತಿರವೇ ಬಂತು.

ಪಕ್ಕದಲ್ಲಿರೋ ಎಕ್ಸೆಲ್

ಈಗ ಕಳೆದುಹೋದ ಅರ್ಧಕ್ಕೆ ಬರೋಣ. ಮಾಡೆಲ್‌ಗೆ ವ್ಯೂ ಗೊತ್ತಿರಬಾರದು ಅನ್ನೋ ಪಾಠವನ್ನ ನಮ್ಮ ಉದ್ಯಮ ಕಲೀತು, ಮರೀತು, ಮತ್ತೆ ಕಲೀತು. ಮಾಡೆಲ್ ಬಳಕೆದಾರನ ಮನಸ್ಸಿಗೆ ಹೊಂದಬೇಕು ಅನ್ನೋ ಪಾಠ ಮಾತ್ರ ದಾರಿಯಲ್ಲಿ ಉದುರಿಹೋಯ್ತು. ಥಿಂಗ್ ಬಿದ್ದುಹೋದ ಜಾಗದಲ್ಲಿ ಟೇಬಲ್ ಬಂದು ಕೂತಿತು.

ಇದರ ಗುರುತು ಎಲ್ಲಿ ಕಾಣುತ್ತೆ ಗೊತ್ತಾ? ನೀವು ಕೋಟಿಗಟ್ಟಲೆ ಖರ್ಚಿನ ಸಿಸ್ಟಮ್ ಕಟ್ಟಿಕೊಟ್ಟ ಯಾವುದಾದರೂ ಆಫೀಸಿಗೆ ಹೋಗಿ, ಅದನ್ನ ಬಳಸೋ ಕ್ಲರ್ಕ್ ಪಕ್ಕ ನಿಂತು ನೋಡಿ. ಒಂದು ಕಿಟಕಿಯಲ್ಲಿ ನಿಮ್ಮ ಸಿಸ್ಟಮ್, ಇನ್ನೊಂದರಲ್ಲಿ ಅವರದೇ ಒಂದು ಎಕ್ಸೆಲ್ ಫೈಲ್. ದಿನವಿಡೀ ಕೆಲಸ ಎಕ್ಸೆಲ್‌ನಲ್ಲಿ, ಸಂಜೆ ನಿಮ್ಮ ಸಿಸ್ಟಮ್‌ಗೆ ತುಂಬೋದು. ಅವರಿಗೆ ಟ್ರೇನಿಂಗ್ ಸಾಲದು ಅಂತ ನಾವು ಮೀಟಿಂಗ್‌ನಲ್ಲಿ ಹೇಳ್ತೀವಿ. ಅಲ್ಲ ಸ್ವಾಮಿ. ಅವರ ಮನಸ್ಸಿನಲ್ಲಿರೋ ಕೆಲಸದ ಚಿತ್ರಕ್ಕೆ ನಮ್ಮ ಮಾಡೆಲ್‌ನಲ್ಲಿ ಜಾಗ ಸಿಕ್ಕಿಲ್ಲ, ಅದು ಎಕ್ಸೆಲ್‌ಗೆ ಓಡಿಹೋಗಿದೆ. ಎಕ್ಸೆಲ್‌ನ ಪೂರ್ವಜ ವಿಸಿಕ್ಯಾಲ್ಕ್ ಮಾರುಕಟ್ಟೆಗೆ ಬಂದದ್ದೂ 1979ರಲ್ಲೇ. ಅದರಲ್ಲಿ ಡೇಟಾ ಮತ್ತು ನೋಟ ಒಂದೇ ಚೌಕದಲ್ಲಿ ಅಂಟಿಕೊಂಡಿದ್ದವು, ಶುದ್ಧ ವಿನ್ಯಾಸದ ಕಣ್ಣಿಗೆ ದೊಡ್ಡ ದೋಷ. ಆದರೂ ಗೆದ್ದಿತು, ಯಾಕಂದ್ರೆ ಅಲ್ಲಿ ಮಾಡೆಲ್‌ನ ಒಡೆಯ ಬಳಕೆದಾರನೇ. ರೇನ್ಸ್‌ಕೌಗ್ ಕೇಳಿದ್ದು ಎರಡನ್ನೂ: ಗೆರೆಯೂ ಇರಬೇಕು, ಒಡೆತನವೂ ಇರಬೇಕು.

ಅವರು ಕೊನೆಯವರೆಗೂ ಇದನ್ನ ಬಿಡಲಿಲ್ಲ. 2009ರಲ್ಲಿ, 80ರ ಹತ್ತಿರ ಬಂದಾಗ, ಜೇಮ್ಸ್ ಕೋಪ್ಲಿಯನ್ ಜೊತೆ ಸೇರಿ ಡಿಸಿಐ ಅನ್ನೋ ಇನ್ನೊಂದು ವಿನ್ಯಾಸ ಮಂಡಿಸಿದರು. ಅಲ್ಲೂ ಕೇಂದ್ರದಲ್ಲಿದ್ದದ್ದು ಮನುಷ್ಯನ ಮನಸ್ಸಿನ ಚಿತ್ರವೇ. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಫ್ರೇಮ್‌ವರ್ಕ್‌ಗಳು ಬರ್ತವೆ, ಹೋಗ್ತವೆ. ಸ್ಟ್ರಟ್ಸ್ ಕಲಿತು ಊರು ಬಿಟ್ಟವರು ಇವತ್ತು ಅದನ್ನ ರೆಸ್ಯೂಮೆಯಿಂದ ತೆಗೆದಿದ್ದಾರೆ. ಈಗಂತೂ ಸ್ಕ್ರೀನ್ ಬರೆಯೋ ಕೆಲಸವನ್ನ ಯಂತ್ರವೇ ಮಾಡಿಕೊಡ್ತಿದೆ, "ನಮ್ಮ ಕೆಲಸ ಏನಾಗುತ್ತೆ" ಅನ್ನೋ ಭಯ ಎಲ್ಲ ಗ್ರೂಪ್‌ಗಳಲ್ಲೂ ಇದೆ. ಸ್ಕ್ರೀನ್ ಅಗ್ಗವಾದಷ್ಟೂ ಅದರ ಹಿಂದಿನ ಮಾಡೆಲ್‌ನ ಬೆಲೆ ಏರುತ್ತೆ ಅನ್ನೋದು ನನ್ನ ನಂಬಿಕೆ. ಗೋದಾಮಿನವನು 'ಸ್ಟಾಕ್' ಅಂದಾಗ ಅವನ ಮನಸ್ಸಿನಲ್ಲಿ ಏನಿದೆ, ಆಸ್ಪತ್ರೆಯ ನರ್ಸ್ 'ಬೆಡ್ ಖಾಲಿ' ಅಂದಾಗ ಏನರ್ಥ, ಇದನ್ನ ಕೂತು ಕೇಳಿ ತಿಳಿದುಕೊಳ್ಳೋನು ಇನ್ನೂ ಬೇಕು.

ಹಾಗಾಗಿ ನಾಳೆ ಯಾರಾದರೂ ಇಂಟರ್‌ವ್ಯೂನಲ್ಲಿ ಎಂವಿಸಿ ಅಂದ್ರೇನು ಅಂತ ಕೇಳಿದ್ರೆ ಮೂರು ಡಬ್ಬಿ ಬರೀರಿ, ತೊಂದರೆ ಇಲ್ಲ. ಆದರೆ ಮಾಡೆಲ್ ಡಬ್ಬಿಯ ಪಕ್ಕ ಒಬ್ಬ ಮನುಷ್ಯನ ಚಿತ್ರವನ್ನೂ ಬರೆದು, "ಇದರ ಒಡೆಯ ಇವನು" ಅಂತ ಹೇಳಿ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಬಳಕೆದಾರರು ಪಕ್ಕದಲ್ಲಿ ಇಟ್ಟುಕೊಂಡಿರೋ ಎಕ್ಸೆಲ್ ಫೈಲ್‌ನಲ್ಲಿ ಏನಿರುತ್ತೆ? ಕಂಪನಿ ಹೆಸರು ಬೇಡ, ವಿಷಯ ಮಾತ್ರ ಕಾಮೆಂಟ್‌ನಲ್ಲಿ ಬರೀರಿ.